ನಲವತ್ತೊಂದನೆಯ ಜಾಡಿ

ಶವದ ಎಡತೋಳಿನ ಸ್ನಾಯುಗಳ ನಡುವಿನಿಂದ ಬೆಳ್ಳಗಿನ ಎಳೆಯೊಂದನ್ನು ಚಿಮಟದ ತುದಿಯಲ್ಲಿ ಎತ್ತಿ ಹಿಡಿದು, ಮೇಜಿನ ಸುತ್ತ ನಿಂತಿದ್ದ ವಿದ್ಯಾರ್ಥಿಗಳಿಗೆ ಅದರ ಹಾದಿಯನ್ನು ವಿವರಿಸುತ್ತಿದ್ದ ಡಾಕ್ಟರ್ ಲಕ್ಷ್ಮಣಪ್ಪನವರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಕಿಟಕಿಯಾಚೆ, ಅಂಗರಚನಾ ವಿಭಾಗದ ಮುಂದಿನ ಕಲ್ಲುಬೆಂಚಿನ ಮೇಲೆ ಇಬ್ಬರು ಹೆಂಗಸರು ಕುಳಿತಿದ್ದರು. ಒಬ್ಬಳು ಮುದುಕಿ, ಮಡಿಲಲ್ಲಿ ಬಟ್ಟೆ ಕಟ್ಟಿದ ಹಿತ್ತಾಳೆ ಚೊಂಬು. ಇನ್ನೊಬ್ಬಳು ಚಿಕ್ಕವಳು, ತುಂಬಿದ ಹೊಟ್ಟೆಯವಳು. ಒಂದು ಕೈಯನ್ನು ಹಿಂದೆ ಸೊಂಟಕ್ಕೆ ಊರಿಕೊಂಡು, ಈ ಕಟ್ಟಡದ ವಾಸನೆ ತಾಳಲಾರದೆ ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಇಲ್ಲಿಗೆ ಜೀವ ಇರುವವರು ಯಾರೂ ಯಾರನ್ನೂ ಹುಡುಕಿಕೊಂಡು ಬರುವುದಿಲ್ಲ. ಬಂದವರು ಬಂದಿದ್ದಾರೆಂದರೆ ಏನನ್ನೋ ಕೇಳಲು ಬಂದಿದ್ದಾರೆ. ಇಪ್ಪತ್ತೆರಡು ವರ್ಷ ಬಾಯಿಪಾಠವಾಗಿ ಹರಿದುಬಂದ ವಾಕ್ಯದ ಉಳಿದ ಅರ್ಧ ನಾಲಿಗೆಗೆ ಬರಲೊಲ್ಲದು. "ಸಾರ್," ಎಂದನು ಮೇಜಿನ ತುದಿಯಲ್ಲಿದ್ದ ವಿದ್ಯಾರ್ಥಿ, ನಗು ತಡೆಯುತ್ತ, "ನೀವು ಹಿಡ್ಕೊಂಡಿರೋದು ನರ ಅಲ್ಲ ಸಾರ್, ರಕ್ತನಾಳ." ನೋಡಿದರು, ಹೌದು. ಎಲ್ಲರೂ ನಕ್ಕರು. ಕೇಡಿಲ್ಲದ ನಗು ಅದು, ಮೇಷ್ಟರು ಎಡವಿದಾಗ ಯಾವ ತರಗತಿಯಲ್ಲೂ ಏಳುವಂಥದ್ದು. ಆದರೂ ಅವರ ಕಿವಿ ಬಿಸಿಯಾಯಿತು. ಮೊದಲ ವರ್ಷದ ಮೊದಲ ದಿನ ಇದೇ ಹಾಲಿನಲ್ಲಿ ನಿಂತು, "ಕಂಡದ್ದನ್ನು ಬರೆಯಿರಿ, ಅಳೆದದ್ದನ್ನು ಬರೆಯಿರಿ. ಕಾಣದ್ದನ್ನು, ಅಳೆಯದ್ದನ್ನು ಬರೆದವನು ಡಾಕ್ಟರನಾಗಬಾರದು" ಎಂದು ಪ್ರತಿವರ್ಷ ಹೇಳುವ ಮನುಷ್ಯ ಅವರು.

ಅಟೆಂಡರ್ ಪಾಪಯ್ಯ ಬಾಗಿಲಲ್ಲಿ ನಿಂತು ಕೆಮ್ಮಿದ. ಶವಗಳನ್ನು ತೊಳೆದು, ಕೆಡದಂತಿಡುವ ದ್ರಾವಣದ ತೊಟ್ಟಿಗೆ ಇಳಿಸಿ, ಮೇಲೆತ್ತಿ, ಕೊನೆಗೆ ಉಳಿದ ಚೂರುಪಾರುಗಳನ್ನು ಕಟ್ಟಡದ ಹಿಂದೆ ಮಣ್ಣು ಮಾಡುವ ಕೆಲಸ ಅವನದು. ಹದಿನೆಂಟು ವರ್ಷದಿಂದ ಅವನದೇ.

"ಸಾರ್, ಪಟ್ಟಂದೂರು ಅಗ್ರಾರದೋರು ಬಂದವ್ರೆ. ನಿಮ್ಮನ್ನೇ ನೋಡ್ಬೇಕಂತೆ."

"ಯಾರು?"

ಪಾಪಯ್ಯ ವಿದ್ಯಾರ್ಥಿಗಳ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದ. "ನಲವತ್ತೊಂದು ಸಾರ್."

ಇಲ್ಲಿ ಹೆಸರುಗಳಿಲ್ಲ. ಒಳಗಿನ ಕೋಣೆಯ ಗಾಜಿನ ಬೀರುಗಳಲ್ಲಿ ಸಾಲಾಗಿ ನಿಂತ ಜಾಡಿಗಳಿಗೆ ಅಂಕಿಗಳಿವೆ, ಅಂಕಿಗಳ ಕೆಳಗೆ ವಾರಗಳಿವೆ, ಸೆಂಟಿಮೀಟರುಗಳಿವೆ. ಹೋದ ವರ್ಷದ ಶ್ರಾವಣದಲ್ಲಿ, ಎಂಬತ್ತೆರಡನೆಯ ಇಸವಿಯಲ್ಲಿ, ಕಾಲೇಜಿನ ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ ಪಾಪಯ್ಯ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದದ್ದು ಹೆಣ್ಣು ಶಿಶು. ತಾಯಿಯ ಹೆಸರು ಅಂಜಿನಮ್ಮ. ಮಹದೇವಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ಘಾಟು ಹೊಡೆಯುವ ತಿನ್ನರ್ ದ್ರಾವಣದಲ್ಲಿ ಅದ್ದಿ ತೊಳೆಯುವ ಕೆಲಸದವಳು. ಸರ್ಕಾರದ ಕಾನೂನು ಸ್ಪಷ್ಟವಾಗಿದೆ: ಇಪ್ಪತ್ತೆಂಟು ವಾರ ತುಂಬಿ ಸತ್ತು ಹುಟ್ಟಿದ್ದು ಮಗು; ಅದನ್ನು ನೋಂದಾಯಿಸಬೇಕು, ತಂದೆತಾಯಿಗಳಿಗೆ ಒಪ್ಪಿಸಬೇಕು. ಅದಕ್ಕಿಂತ ಮೊದಲು ಹುಟ್ಟಿದ್ದನ್ನು ಯಾವ ದಫ್ತರವೂ ಕೇಳುವುದಿಲ್ಲ. ಅದು ವಿಭಾಗದ ವಸ್ತು. ಲಕ್ಷ್ಮಣಪ್ಪನವರು ಅಂದು ಬಾಗಿಲು ಹಾಕಿಕೊಂಡು, ನೆತ್ತಿಯಿಂದ ಬೆನ್ನಿನ ಬುಡದವರೆಗೆ ಅಳತೆಯ ಪಟ್ಟಿಯನ್ನು ಹಿಡಿದರು. ಇಪ್ಪತ್ತೆಂಟು ಸೆಂಟಿಮೀಟರು. ಎಂದರೆ ಮೂವತ್ತೆರಡು ವಾರ. ಉಗುರುಗಳು ಬೆರಳ ತುದಿ ಮುಟ್ಟುತ್ತ ಬಂದಿದ್ದವು. ಇನ್ನೊಮ್ಮೆ ಅಳೆದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಪುಸ್ತಕದಲ್ಲಿ ಇಪ್ಪತ್ತಮೂರು ಎಂದು ಬರೆದರು. ಓದದವನು ಸುಳ್ಳು ಹೇಳಿದರೆ ಅವನ ಕಣ್ಣು ಹೇಳಿಬಿಡುತ್ತದೆ. ಓದಿದವನ ಸುಳ್ಳು ಅಂಕಿಯ ರೂಪದಲ್ಲಿರುತ್ತದೆ, ಅಂಕಿಗೆ ಕಣ್ಣಿಲ್ಲ. ಹೊರಗೆ ಕಾದಿದ್ದ ಗಂಡನಿಗೆ, "ಇದಿನ್ನೂ ತಿಂಗಳು ತುಂಬಿದ್ದಲ್ಲಪ್ಪ, ಆಸ್ಪತ್ರೆಯವರೇ ಮಣ್ಣು ಮಾಡ್ತಾರೆ" ಎಂದರು. ಆತ ತಲೆ ಅಲ್ಲಾಡಿಸಿ, ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಜ್ವರ ಬಂದು ಮಲಗಿದ್ದ ಹೆಂಡತಿಯ ಹತ್ತಿರ ಹೋದ.

ಅವರು ದುಷ್ಟರಲ್ಲ. ಇದನ್ನು ಅವರು ಈ ಹದಿನಾಲ್ಕು ತಿಂಗಳಲ್ಲಿ ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ, ಕನ್ನಡಿಯ ಮುಂದೆ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ. ಹೊಸಕೋಟೆಯ ಹತ್ತಿರದ ಹಳ್ಳಿಯ ಒಕ್ಕಲಿನ ಹುಡುಗ ವೈದ್ಯನಾದಾಗ, ಶಸ್ತ್ರಚಿಕಿತ್ಸೆ ಕಲಿಯಬೇಕೆಂದಿದ್ದವನನ್ನು ಅಂದಿನ ಪ್ರಿನ್ಸಿಪಾಲರು ಅಂಗರಚನೆಗೆ ಹಾಕಿದ್ದರು. "ನಿಮ್ಮ ಕಡೆಯೋರಿಗೆ ಹೊಟ್ಟೆ ಗಟ್ಟಿ ಕಣ್ರೀ, ಹೆಣದ ವಾಸನೆಗೆಲ್ಲ ಹೆದರೋಲ್ಲ" ಎಂದಿದ್ದರು, ಉಪಕಾರ ಮಾಡಿದ ಧಾಟಿಯಲ್ಲಿ. ಅವರು ಹೆದರಲೂ ಇಲ್ಲ, ದೂರಲೂ ಇಲ್ಲ. ಕಲಿಸಿದರು. ಕಲಿಸಿದವರೆಲ್ಲ ಅವರನ್ನು ದಾಟಿ ಕಾರುಗಳಲ್ಲಿ ಹೋದರು. ಒಂಬತ್ತು ವರ್ಷ ಪ್ರೊಫೆಸರಾಗದೆ ರೀಡರ್ ಆಗಿಯೇ ಉಳಿದ ಮೇಲೆ ಅವರಿಗೆ ಒಂದು ಪ್ರಶ್ನೆ ಹತ್ತಿಕೊಂಡಿತು. ತಂದೆತಾಯಿಗಳಿಂದ ಬಂದ ಬರಹದಲ್ಲಿ ಒಂದಕ್ಷರವೂ ಬದಲಾಗದೆ, ಅದರ ಯಾವ ಪುಟ ತೆರೆದಿರಬೇಕು, ಯಾವುದು ಅಂಟಿಕೊಂಡಿರಬೇಕು ಎಂಬುದನ್ನು ತಾಯಿ ಉಸಿರಾಡಿದ ಗಾಳಿ ತಿದ್ದಬಲ್ಲುದೇ? ಹೊರದೇಶದವರು ಇದನ್ನು ಎಪಿಜೆನೆಟಿಕ್ಸ್ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಆ ಪದ ಆಡಿದ ದಿನ ಶರೀರಕ್ರಿಯಾ ವಿಭಾಗದವನೊಬ್ಬ, "ಅದೇನ್ರೀ ಎಪಿಡೆಮಿಕ್ಕು? ಲಸಿಕೆ ಹಾಕಿಸ್ಕೋಬೇಕಾ ನಾವೆಲ್ಲ?" ಎಂದು ಚಹಾ ಚೆಲ್ಲುವಂತೆ ನಕ್ಕ. ಲಕ್ಷ್ಮಣಪ್ಪನವರೂ ನಕ್ಕರು. ಮನೆಗೆ ಹೋಗಿ ಹೆಂಡತಿ ಭಾಗ್ಯಮ್ಮ ಬಡಿಸಿದ್ದನ್ನು ಉಣ್ಣದೆ ಎದ್ದರು.

ಅವರ ಹತ್ತಿರ ಇದ್ದದ್ದು ಒಂದು ಹಳೆಯ ಸೂಕ್ಷ್ಮದರ್ಶಕ, ಒಂದು ಬಣ್ಣದ ಬಾಟಲಿ, ಮತ್ತು ಎಣಿಸುವ ತಾಳ್ಮೆ. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎಕ್ಸ್ ಎಂಬ ಒಂದೇ ಬಗೆಯ ಎರಡು ವರ್ಣತಂತು ಎಳೆಗಳಿರುತ್ತವೆ. ಒಂದು ದುಡಿಯುತ್ತದೆ, ಇನ್ನೊಂದು ಮುದುಡಿ, ಕಪ್ಪು ಚುಕ್ಕೆಯಾಗಿ ಅಂಚಿಗೆ ಸೇರಿ, ಬಾಯಿ ಮುಚ್ಚಿ ಕೂರುತ್ತದೆ. ಹಾಗೆ ಕೂತರೇ ಜೀವಕ್ಕೆ ಕ್ಷೇಮ. ನೂರು ಕೋಶಗಳಲ್ಲಿ ಎಷ್ಟರಲ್ಲಿ ಆ ಚುಕ್ಕೆ ಇದೆ ಎಂದು ಅವರು ಎಣಿಸಿದರು. ಊರಿನ ಬೇರೆ ಹೆಂಗಸರ ಶಿಶುಗಳಲ್ಲಿ ಚುಕ್ಕೆ ಇರಬೇಕಾದಷ್ಟು ಇತ್ತು. ತಿನ್ನರಿನ ತೊಟ್ಟಿಯ ಮುಂದೆ ದಿನಕ್ಕೆ ಎಂಟು ಗಂಟೆ ನಿಂತವರ ಹನ್ನೊಂದು ಹೆಣ್ಣು ಶಿಶುಗಳ ಪೈಕಿ ಒಂಬತ್ತರಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಮುಚ್ಚಿರಬೇಕಾದದ್ದು ಮುಚ್ಚಿರಲಿಲ್ಲ. ಆ ಒಂಬತ್ತರಲ್ಲಿ ಎಂಟು ತೀರ ಎಳೆಯವು, ಅಂಗಗಳೇ ಬಲಿಯದವು, ಯಾರೂ ನಂಬುವುದಿಲ್ಲ. ಮಿದುಳು, ಯಕೃತ್ತು ಎಲ್ಲ ಕೂಡಿಬಂದು ಪ್ರಬಂಧಕ್ಕೆ ಬೆನ್ನೆಲುಬಾದದ್ದು ನಲವತ್ತೊಂದು. ಪ್ರಬಂಧವನ್ನು ಲಂಡನ್ನಿನ ಪತ್ರಿಕೆ ಒಪ್ಪಿಕೊಂಡಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರೊಫೆಸರ್ ಹುದ್ದೆಯ ಸಂದರ್ಶನ. ಮೇಜಿನ ಮೇಲೆ ಅದರ ಕಡತ ಸಿದ್ಧವಾಗಿತ್ತು.

ಇಂಥ ದಿನ ಇವರು ಬಂದಿದ್ದಾರೆ.

ತರಗತಿ ಬಿಟ್ಟು, ಕೈ ತೊಳೆದು, ಮೇಲಂಗಿ ಕಳಚಿ, ಮತ್ತೆ ಏನೋ ನೆನಪಾಗಿ ಅದನ್ನೇ ತೊಟ್ಟು ಹೊರಗೆ ಬಂದರು. ಮುದುಕಿ ಎದ್ದು ನಿಂತಳು. ಅವಳು ಅಂಜಿನಮ್ಮನ ಅತ್ತೆ ಚಿಕ್ಕಮುನಿಯಮ್ಮ.

"ಏನಮ್ಮಾ, ಆಸ್ಪತ್ರೆ ಆ ಕಡೆ ಕಟ್ಟಡ. ಇಲ್ಲಿ ಯಾಕೆ ಬಂದ್ರಿ?"

"ಆಸ್ಪತ್ರೇಗೆ ಓಗಿದ್ವಿ ಸಾಮಿ. ಅವ್ರು ನಿಮ್ಮನ್ನೇ ಕೇಳು ಅಂದ್ರು. ಓದ್ ವರ್ಸ ನಮ್ ಕೂಸ್ನ ನೀವೇ ಮಣ್ಣು ಮಾಡ್ಸಿದ್ರಂತಲ್ಲ. ಆ ಜಾಗ ತೋರ್ಸ್‌ಬುಟ್ರೆ ಆಲು ತುಪ್ಪ ಬುಟ್ಟು ಓಯ್ತೀವಿ."

"ಅದೆಲ್ಲ ಮೂರನೇ ದಿನ ಮಾಡೋದಲ್ವೇನಮ್ಮ? ವರ್ಷದ ಮೇಲಾಯ್ತು."

"ಆಗ ಇವ್ಳು ಇಪ್ಪತ್ತು ದಿನ ಜರದಾಗೆ ಮಲ್ಗವ್ಳೆ, ನನ್ ಮಗ್ನಿಗೆ ಕೇಳಿದ್ರೆ ಆಸ್ಪತ್ರೇಯೋರೇ ಎಲ್ಲ ಮಾಡವ್ರೆ ಅಂತ ತಲೆ ಬಗ್ಗಿಸ್ಕೊಂಡು ಓಯ್ತಾನೆ. ಗಂಡಸ್ರಿಗೇನು ಗೊತ್ತಾಯ್ತದೆ ಸಾಮಿ? ಈಗ ಇವ್ಳಿಗೆ ಏಳ್ರಾಗೆ ಬಿದ್ದದೆ. ಬಳೆ ತೊಡ್ಸ್‌ಬೇಕು. ಇಂದ್ಲದು ಅಸ್ಕೊಂಡು ಕುಂತಿರ್ವಾಗ ಇದ್ಕೆ ಎಂಗ್ ಸಾಮಿ ತೊಡ್ಸೋದು?"

ಅಂಜಿನಮ್ಮ ಸೆರಗನ್ನು ಮೂಗಿನಿಂದ ತೆಗೆದು ಮೊದಲ ಸಲ ಮಾತಾಡಿದಳು. ಸಣ್ಣ, ಒಣಗಿದ ದನಿ. "ನಾನು ಮೊಕ ನೋಡ್ಲಿಲ್ಲ ಸಾರ್. ಜಾಗನಾದ್ರೂ ನೋಡ್ತೀನಿ."

"ಕೂತಿರಿ, ಬಂದೆ" ಎಂದು ಲಕ್ಷ್ಮಣಪ್ಪನವರು ಒಳಗೆ ಹೋದರು. ಹೇಳಿಬಿಡುತ್ತೇನೆ ಎಂದುಕೊಂಡೇ ಹೋದರು. ಗಾಜಿನ ಬೀರುಗಳ ಕೋಣೆಯಲ್ಲಿ ಹಗಲಿನಲ್ಲೂ ದೀಪ ಬೇಕು. ದೀಪ ಹಾಕಿದಾಗ ಜಾಡಿಗಳೆಲ್ಲ ಒಮ್ಮೆಗೇ ಹಳದಿಯಾದವು. ಕೆಳಗಿನ ಸಾಲಿನಲ್ಲಿ ಅದಿತ್ತು. ಹೊರಗೆ ತೆಗೆದು, ಬಟ್ಟೆಯಲ್ಲಿ ಸುತ್ತಿ, ತಾಯೀ, ತಪ್ಪಾಯಿತು, ನಿನ್ನದನ್ನು ನೀನು ತೆಗೆದುಕೊಂಡು ಹೋಗು ಎಂದರೆ ಮುಗಿಯಿತು. ಆದರೆ ಯಾವುದನ್ನು ಕೊಡುವುದು? ಹೊಟ್ಟೆಯನ್ನು ತಾವೇ ಉದ್ದಕ್ಕೆ ಸೀಳಿದ್ದರು. ತಲೆಯ ಮೇಲ್ಭಾಗವನ್ನು ತೆಗೆದು, ಒಳಗಿನದನ್ನು ಕಾಗದಕ್ಕಿಂತ ತೆಳ್ಳಗೆ ಕತ್ತರಿಸಿ, ಆರುನೂರು ಗಾಜಿನ ಪಟ್ಟಿಗಳ ಮೇಲೆ ಹರಡಿ, ಮರದ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ಅವೆಲ್ಲವೂ ಇದೇ ಕೂಸು. ಮೊಕ ನೋಡಲಿಲ್ಲ ಎಂದವಳ ಕೈಗೆ ಈ ಮುಖವನ್ನು ಇಡುವುದೇ? ಇದು ಕರುಣೆ ಎಂದುಕೊಂಡರು. ತಡೆಯುತ್ತಿರುವುದು ಕರುಣೆಯೇ, ನಾಳೆಯ ಹತ್ತು ಗಂಟೆಯೇ ಎಂದು ಮನಸ್ಸು ಕೇಳಿತು. ಕೇಳಿದ್ದು ಕೇಳಿಸಲಿಲ್ಲವೆಂಬಂತೆ ದೀಪ ಆರಿಸಿದರು. ಮನುಷ್ಯನು ಕೆಟ್ಟ ಕೆಲಸಕ್ಕೆ ಒಳ್ಳೆಯ ಕಾರಣವನ್ನು ಹುಡುಕುವಾಗ ತೋರುವ ಬುದ್ಧಿಯಲ್ಲಿ ಕಾಲುಭಾಗವನ್ನು ಒಳ್ಳೆಯ ಕೆಲಸಕ್ಕೆ ತೋರಿದ್ದರೆ ಲೋಕಕ್ಕೆ ನ್ಯಾಯಾಲಯಗಳೇ ಬೇಕಿರಲಿಲ್ಲ.

"ಪಾಪಯ್ಯ," ಎಂದರು, "ಇವರಿಗೆ ಹಿಂದಿನ ಜಾಗ ತೋರಿಸೋಣ ನಡಿ."

"ಯಾವ ಜಾಗ ಸಾರ್?"

"ಅದೇ. ಹಿಂದಿನದು."

ಪಾಪಯ್ಯ ಅವರ ಮುಖವನ್ನೇ ನೋಡಿದ. ಕಟ್ಟಡದ ಹಿಂದೆ ಇದ್ದದ್ದು ಒಂದೇ ಜಾಗ. ತರಗತಿ ಮುಗಿದ ಮೇಲೆ ಮೇಜುಗಳಿಂದ ಬಳಿದ ಕೊಬ್ಬು, ತೊಗಲು, ಚೂರುಗಳ ಬಕೀಟನ್ನು ಅವನು ಸುರಿದು ಮಣ್ಣೆಳೆಯುವ ಗುಂಡಿ. "ಸಾರ್…" ಎಂದ. ಲಕ್ಷ್ಮಣಪ್ಪನವರು ಆಗಲೇ ಮುಂದೆ ಹೊರಟಿದ್ದರು.

ಹಿಂದೆ ಕಾಂಪೌಂಡಿನ ಒಳಗೆ ಎಕ್ಕದ ಗಿಡಗಳು ಎದೆಯೆತ್ತರ ಬೆಳೆದಿದ್ದವು. ಆಚೆ ರಾಗಿ ಹೊಲ, ಹೊಲದಾಚೆ ಕೆರೆಯ ಏರಿ, ಏರಿಯಾಚೆ ಹೊಸದಾಗಿ ಎದ್ದ ಕಾರ್ಖಾನೆಯ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ಅಗೆದು ಮುಚ್ಚಿ, ಅಗೆದು ಮುಚ್ಚಿ ಉಬ್ಬುತಗ್ಗಾದ ನೆಲದ ಅಂಚಿನಲ್ಲಿ ನಿಂತು ಲಕ್ಷ್ಮಣಪ್ಪನವರು, "ಇಲ್ಲೇ" ಎಂದರು. ಚಿಕ್ಕಮುನಿಯಮ್ಮ ಚಪ್ಪಲಿ ದೂರ ಬಿಟ್ಟು ಬಂದಳು. ಚೊಂಬಿನ ಬಟ್ಟೆ ಬಿಚ್ಚಿದಳು. ಹಾಲಿನ ಮೇಲೆ ತುಪ್ಪ ಕಣ್ಣುಕಣ್ಣಾಗಿ ತೇಲುತ್ತಿತ್ತು. ಸುರಿಯಲು ಬಾಗಿದವಳು ನಿಂತಳು.

"ತಲೆ ಯಾವ್ ಕಡೀಕೈತೆ ಸಾಮಿ?"

"ಏನು?"

"ಕೂಸಿನ್ ತಲೆ. ಬಾಯ್ ಅತ್ರ ಬುಡ್ಬೇಕಲ್ಲ ಆಲು."

ದೇಹವನ್ನು ಕುರಿತು ಯಾರು ಏನು ಕೇಳಿದರೂ ಉತ್ತರ ಹೇಳಬಲ್ಲ ಮನುಷ್ಯ ಅವರು. ನೂರು ಮಂದಿಯ ತರಗತಿಯಲ್ಲಿ ಒಂದು ಪ್ರಶ್ನೆಗೂ ತಡವರಿಸಿದವರಲ್ಲ. ಪಾಪಯ್ಯ ನೆಲ ನೋಡುತ್ತ ನಿಂತಿದ್ದ. ಅಂಜಿನಮ್ಮನ ಕಣ್ಣು ಅವರ ಕೈಯ ಮೇಲಿತ್ತು. ಆ ಕ್ಷಣದಲ್ಲಿ ಅವರು ಏಳು ವರ್ಷದ ಹುಡುಗನಾಗಿ ರಾಗಿಹೊಲದ ಬದುವಿನ ಮೇಲಿದ್ದರು. ಹುಟ್ಟಿ ಐದು ದಿನಕ್ಕೆ ಹೋದ ತಮ್ಮನಿಗೆ ಅವ್ವ ಹಾಲು ಬಿಡುತ್ತಿದ್ದಳು, ತೊಟ್ಟು ತೊಟ್ಟಾಗಿ, ನೆತ್ತಿಗೇರೀತು ಎಂಬ ಹೆದರಿಕೆಯಿಂದ, ಬದುಕಿದ್ದ ಮಗುವಿಗೆ ಕುಡಿಸುವಂತೆ. ಮುಗಿಯುವ ತನಕ ಯಾರೂ ಮಾತಾಡಬೇಡಿ ಎಂದು ಕೈಸನ್ನೆ ಮಾಡಿದ್ದಳು. ಅವ್ವನಿಗೆ ಈ ಪ್ರಶ್ನೆ ಕೇಳಬೇಕಾಗಿ ಬಂದಿರಲಿಲ್ಲ. ಮಲಗಿಸಿದವಳು ಅವಳೇ. ಲಕ್ಷ್ಮಣಪ್ಪನವರ ತೋಳು ಎದ್ದಿತು. ತೋರುಬೆರಳು ದಕ್ಷಿಣದ ಕಡೆ, ಎಕ್ಕದ ಬುಡದತ್ತ ಚಾಚಿತು.

"ಆ ಕಡೆ."

ಹೆಂಗಸರಿಬ್ಬರೂ ಅಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಅಂಜಿನಮ್ಮ ಹೊಟ್ಟೆಯಿಂದಾಗಿ ಬಾಗಲಾಗದೆ ಅತ್ತೆಯ ಭುಜ ಹಿಡಿದುಕೊಂಡಳು. ಹಾಲು ಮಣ್ಣಿನ ಮೇಲೆ ಕ್ಷಣ ನಿಂತು, ಬುರುಗಾಗಿ, ಇಂಗಿತು. "ಕುಡಿಯವ್ವ," ಎಂದಳು ಚಿಕ್ಕಮುನಿಯಮ್ಮ, "ಕುಡ್ದು ತಣ್ಗಿರು. ನಿನ್ ತಮ್ಮನ್ನೋ ತಂಗೀನೋ ಕಾಯ್ಕೋ." ಅಂಜಿನಮ್ಮ ಅಳಲಿಲ್ಲ. ಅಂಗೈಯನ್ನು ಒದ್ದೆ ನೆಲದ ಮೇಲೆ ಇಟ್ಟು ಬಹಳ ಹೊತ್ತು ಹಾಗೇ ಇದ್ದಳು, ಜ್ವರ ನೋಡುವವಳಂತೆ.

ಹೆಂಗಸರು ನಲ್ಲಿಯ ಹತ್ತಿರ ಕೈಕಾಲು ತೊಳೆಯಲು ಹೋದಾಗ ಪಾಪಯ್ಯ ಹತ್ತಿರ ಬಂದ. ಅವನ ಬರಿಗಾಲುಗಳನ್ನು ಅವರು ಆಗ ನೋಡಿದರು. ಯಾವಾಗ ಚಪ್ಪಲಿ ಬಿಟ್ಟನೋ.

"ನಾಳೆಯಿಂದ ಬಕೀಟು ಎಲ್ಲಿ ಸುರೀಲಿ ಸಾರ್?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗದರಬಹುದಿತ್ತು. "ಆಮೇಲೆ ಹೇಳ್ತೀನಿ" ಎಂದು ಅವರು ನಲ್ಲಿಯ ಕಡೆ ತಿರುಗಿದರು. ಏಕೋ ಹೆಂಗಸರನ್ನು ಗೇಟಿನವರೆಗೆ ಕಳಿಸಿಬರಬೇಕೆನಿಸಿತು. ಇಷ್ಟಾದರೂ ಮಾಡಿದೆನೆಂಬ ಸಮಾಧಾನದ ಆಸೆ ಅದು. ಬೇವಿನ ಸಾಲಿನ ಕೆಳಗೆ ನಡೆಯುತ್ತ ಚಿಕ್ಕಮುನಿಯಮ್ಮನ ಬಾಯಿ ಹಗುರಾಗಿತ್ತು. ಮಾರತ್ತಹಳ್ಳಿ ಸಂತೆಯಲ್ಲಿ ಬಳೆಗಾರನಿಗೆ ಹೇಳಿದ್ದಾಗಿದೆ, ಹಸಿರು ಬಳೆ ಸಾಲದೆ ಹೋದರೆ ಅವನ ಗಡ್ಡ ಕೀಳುತ್ತೇನೆ ಎಂದು ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದವರ ನಗು. ಅಂಜಿನಮ್ಮ ಎರಡು ಹೆಜ್ಜೆ ಹಿಂದೆ ಉಳಿದು, ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು.

"ಸಾರ್, ಒಂದ್ ಮಾತು."

"ಹೇಳಮ್ಮ."

"ನಾನು ಇನ್ನೂ ಅಲ್ಲೇ ಕೆಲ್ಸ ಮಾಡ್ತಿದೀನಿ. ತಿನ್ನರ್ ತೊಟ್ಟಿ ತಾವ. ಓದ್ ವಾರ ತಲೆ ಸುತ್ತಿ ಬಿದ್ದೆ. ನಮ್ ಜೊತೆ ಮಾಡೋ ರಾಮಕ್ಕಂಗೂ ಎರಡ್ ಸಲ ಓಯ್ತು. ಅದ್ರಿಂದ್ಲೇನಾ ಸಾರ್? ನೀವ್ ಓದ್ದೋರು, ನೀವ್ ಬುಡು ಅಂದ್ರೆ ಇವತ್ತೇ ಬುಟ್‌ಬುಡ್ತೀನಿ. ಮನೇಗೆ ನಾನು ಎಂಗೋ ಯೋಳ್ಕಂತೀನಿ."

ಅವರು ನಿಂತರು. ಬಿಡು, ತಾಯೀ, ಈಗಲೇ ಬಿಡು. ಇಷ್ಟೇ. ನಾಲಿಗೆಯ ತುದಿಯಲ್ಲಿತ್ತು. ಇಡೀ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿದ್ದ ಮನುಷ್ಯ ಒಬ್ಬನೇ, ಅವನ ಮುಂದೆಯೇ ಅವಳು ನಿಂತಿದ್ದಳು. ಆದರೆ ಬಿಡು ಎಂದರೆ, ಏಕೆ ಸಾರ್ ಎಂದು ಕೇಳುತ್ತಾಳೆ. ಕೇಳದಿದ್ದರೂ ಮನೆಯಲ್ಲಿ ಹೇಳುತ್ತಾಳೆ, ರಾಮಕ್ಕನಿಗೆ ಹೇಳುತ್ತಾಳೆ. ಡಾಕ್ಟರೇ ಹೇಳಿದರು ಎಂಬ ಮಾತು ತೊಟ್ಟಿಯಿಂದ ತೊಟ್ಟಿಗೆ ಹೋಗಿ ಕಾರ್ಖಾನೆಯ ಮ್ಯಾನೇಜರನ ಕಿವಿಗೆ ಬೀಳುತ್ತದೆ. ಅವನು ಪ್ರಿನ್ಸಿಪಾಲರಿಗೆ ಫೋನು ಮಾಡುತ್ತಾನೆ. ನಿಮ್ಮವನು ಯಾವ ಆಧಾರದಿಂದ ಹೇಳಿದ? ಆಧಾರ ತೋರಿಸಲು ಜಾಡಿ ತೋರಿಸಬೇಕು. ಜಾಡಿ ತೋರಿಸಿದರೆ ಯಾರಾದರೊಬ್ಬ ಅಳೆಯುತ್ತಾನೆ. ಅಳೆಯುವುದನ್ನು ಅವರಿಗೆಲ್ಲ ಕಲಿಸಿದವರು ಇವರೇ. ಪ್ರಬಂಧ ಅಚ್ಚಾದ ಮೇಲೆ ಎಲ್ಲರಿಗೂ ತಿಳಿಯುತ್ತದೆ, ಸರ್ಕಾರವೇ ಕ್ರಮ ಕೈಗೊಳ್ಳುತ್ತದೆ, ನೂರು ಹೆಂಗಸರಿಗೆ ಉಪಕಾರವಾಗುತ್ತದೆ, ಆರೇಳು ತಿಂಗಳು, ಹೆಚ್ಚೆಂದರೆ ವರ್ಷ. ಅವಳಿಗೆ ಉಳಿದದ್ದು ಮೂರು ತಿಂಗಳು. ಈ ಲೆಕ್ಕವೂ ಅವರಿಗೆ ತಪ್ಪದೆ ಬಂತು.

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ" ಎಂದರು. ದನಿ ಗಂಭೀರವಾಗಿ, ಮೆದುವಾಗಿ, ತರಗತಿಯಲ್ಲಿ ಕೇಳಿಸುವಂತೆಯೇ ಕೇಳಿಸಿತು. "ರಕ್ತ ಕಮ್ಮಿ ಇರುತ್ತೆ, ತಲೆ ಸುತ್ತುತ್ತೆ. ಸೊಪ್ಪು ತಿನ್ನು. ಮುದ್ದೆ ಸರಿಯಾಗಿ ಉಣ್ಣು."

"ಅಂಗಾದ್ರೆ ಬುಡೋದು ಬ್ಯಾಡ?"

"ಬೇಡ."

ಅವಳ ಮುಖ ಸಡಿಲವಾಯಿತು. ಹದಿನಾಲ್ಕು ತಿಂಗಳಿಂದ ತನ್ನದೇ ತಪ್ಪೇನೋ ಎಂದು ಅವಳು ಹೊತ್ತಿದ್ದದ್ದು ಒಂದೇ ಮಾತಿಗೆ ಇಳಿದುಹೋದಂತಿತ್ತು. "ಅತ್ತೆ," ಎಂದು ಕೂಗಿದಳು, "ಡಾಕ್ಟ್ರು ಏನೂ ಆಗಾಕಿಲ್ಲ ಅಂದ್ರು!"

"ನಾನ್ ಯೋಳ್ನಿಲ್ವಾ!" ಎಂದಳು ಚಿಕ್ಕಮುನಿಯಮ್ಮ. "ಬುದ್ಧಿ ಇರೋರು ಯೋಳಿದ್ರೇ ಇವ್ಳಿಗೆ ಸಮಾದಾನ. ನಿಮ್ ಒಟ್ಟೆ ತಣ್ಗಿರ್ಲಿ ಸಾಮಿ."

ವೈಟ್‌ಫೀಲ್ಡಿನ ಕಡೆಯಿಂದ ಕೆಂಪು ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅತ್ತೆ ರಸ್ತೆ ದಾಟಿ, ಅಗ್ರಹಾರದ ಕಡೆ ಹೋಗುವ ಬಸ್ಸಿಗಾಗಿ ಅತ್ತ ಮರದಡಿ ನಿಂತಳು. ಅಂಜಿನಮ್ಮ ಈ ಬಸ್ಸು ಹತ್ತಬೇಕು. ಕಾರ್ಖಾನೆಯ ಮಧ್ಯಾಹ್ನದ ಪಾಳಿ ಎರಡು ಗಂಟೆಗೆ. ಮೆಟ್ಟಿಲು ಎತ್ತರವಾಗಿದ್ದುದರಿಂದ ಕಂಬಿ ಹಿಡಿದು ತಡವರಿಸಿದಳು. "ನಿಧಾನ ಅಕ್ಕ, ನಿಧಾನ, ಮುಂದ್ಗಡೆ ಸೀಟ್ ಬಿಡ್ರೋ ಬಸ್ರಿ ಹೆಂಗ್ಸಿಗೆ" ಎಂದು ಕಂಡಕ್ಟರ್ ಬೈದು ಎಬ್ಬಿಸಿ ಜಾಗ ಮಾಡಿಕೊಟ್ಟ. ಅವಳು ಕಿಟಕಿಯ ಪಕ್ಕ ಕುಳಿತು ಕೈ ಮುಗಿದಳು. ಲಕ್ಷ್ಮಣಪ್ಪನವರು ಬಾಯಿ ತೆರೆದರು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಬಸ್ಸು ಹೊರಟಿತು. ಅವರು ಕೈಗಡಿಯಾರ ನೋಡಿಕೊಂಡರು: ಒಂದೂಮುಕ್ಕಾಲು. ಹೊತ್ತಿಗೆ ಸರಿಯಾಗಿ ತಲುಪುತ್ತಾಳೆ.